ವಾರಿಜಮ್ಮನ ಸವಾರಿ

ನಾಡಿದ್ದು ಆಯುಧಪೂಜೆಗೆ ಈ ಗಾಡಿ ನಾಲ್ಕು ನಿಂಬೆಹಣ್ಣು ಜಜ್ಜಿಕೊಂಡು ಗೇಟು ದಾಟದಿದ್ದರೆ ತಾನು ಪರಮಶಿವಯ್ಯನೇ ಅಲ್ಲವೆಂದು ಪರಮಶಿವಯ್ಯನವರು ಬನಶಂಕರಿ ಎರಡನೇ ಹಂತದ ತಮ್ಮ ಮನೆಯಂಗಳದಲ್ಲಿ ಲುಂಗಿ ಎತ್ತಿ ಕಟ್ಟಿ ಘೋಷಿಸಿದರು. ಕಾಲೇಜಿನಲ್ಲಿ ಜೀವಮಾನವಿಡೀ ಘರ್ಷಣೆಯ ಪಾಠ ಮಾಡಿ ರಿಟೈರಾದ ಭೌತಶಾಸ್ತ್ರದ ಮೇಷ್ಟ್ರಿಗೆ ಒಂದು ಹ್ಯಾಂಡ್‌ಬ್ರೇಕು ಯಾವ ಲೆಕ್ಕ! ಕೇಳಿಸಿಕೊಳ್ಳಲು ಅಲ್ಲಿದ್ದವರು ಹೆಂಡತಿ ವಾರಿಜಮ್ಮ ಒಬ್ಬರೇ. ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ, ಹಬ್ಬದ ಮಾರನೆಯ ದಿನಕ್ಕೆ ಗುಜರಿಯವನಿಗೆ ಬರಲು ಹೇಳಿಯಾಗಿದೆ, ಅಷ್ಟರೊಳಗೆ ಏನು ಮಾಡುತ್ತೀರೋ ಮಾಡಿ ಎಂದುಬಿಟ್ಟರು.

ಗಾಡಿ ಅಂತಿಂಥದ್ದಲ್ಲ. ಅಪ್ಪಟ ವಿಲಾಯಿತಿ ಸ್ಪೋರ್ಟ್ಸ್ ಕಾರು! ಎರಡೇ ಸೀಟು, ಮಡಚುವ ಕ್ಯಾನ್ವಾಸ್ ಟಾಪು, ಕಣ್ಣು ಕುಕ್ಕುವ ಕೆಂಪು. ಕಂಟೋನ್ಮೆಂಟಿನ ಮುದಿ ದೊರೆಯೊಬ್ಬರು ಊರು ಬಿಡುವಾಗ ಪ್ರಾಯದ ಪರಮಶಿವಯ್ಯ ಅದನ್ನು ಕೊಂಡಿದ್ದರು. ಮದುವೆಯ ಹೊಸತರಲ್ಲಿ ಒಂದೇ ಒಂದು ಸಲ ವಾರಿಜಮ್ಮನನ್ನು ಕೂರಿಸಿಕೊಂಡು ಲಾಲ್‌ಬಾಗಿಗೆ ಹೋಗಿದ್ದರು. ಮಿನರ್ವ ಸರ್ಕಲ್ಲಿನಲ್ಲಿ ಅವರು ಮುಡಿದ ಮಲ್ಲಿಗೆ ಗಾಳಿಗೆ ಹಾರಿ ಹಿಂದಿನ ಬಸ್ಸಿನ ಗಾಜಿಗೆ ಹೋಗಿ ಅಂಟಿಕೊಂಡಿತ್ತು. ಆಗ ವಾರಿಜಮ್ಮ ನಕ್ಕ ನಗು ಪರಮಶಿವಯ್ಯನವರಿಗೆ ಇವತ್ತಿಗೂ ಕಿವಿಯಲ್ಲಿದೆ. ಇನ್ನೊಂದು ಸಲ ಕರೆದುಕೊಂಡು ಹೋಗುತ್ತೇನೆ ಎಂದು ಅಂದೇ ಮಾತು ಕೊಟ್ಟಿದ್ದರು. ಆಮೇಲೆ ಮಕ್ಕಳಾದವು. ಎರಡು ಸೀಟಿನಲ್ಲಿ ನಾಲ್ಕು ಜನ ಹಿಡಿಯಲಿಲ್ಲ. ಸ್ಕೂಟರು ಬಂತು. ಅಂಗಳ ಇಳಿಜಾರು ಎಂದು ಹ್ಯಾಂಡ್‌ಬ್ರೇಕು ಬಿಗಿಯಾಗಿ ಎಳೆದು ನಿಲ್ಲಿಸಿದ ಕಾರು, ತೊಂಬತ್ತೆಂಟನೇ ಇಸವಿ ಬಂದರೂ ನಿಂತೇ ಇತ್ತು.

ಹಾಗೆಂದು ವಾರಿಜಮ್ಮ ಅದರ ಪೂಜೆ ತಪ್ಪಿಸಿದವರಲ್ಲ. ಪ್ರತಿ ವರ್ಷವೂ ಹೂವೇರಿಸಿ, ಕುಂಕುಮ ಹಚ್ಚಿ, ಚಕ್ರಗಳ ಮುಂದೆ ನಿಂಬೆಹಣ್ಣು ಇಡುತ್ತಿದ್ದರು. ಗಾಡಿ ಅಲುಗುವುದಿಲ್ಲವಲ್ಲ, ಸಂಜೆ ಅವೇ ಹಣ್ಣುಗಳನ್ನು ತೊಳೆದು ಚಿತ್ರಾನ್ನಕ್ಕೆ ಹಿಂಡುತ್ತಿದ್ದರು.

ಪರಮಶಿವಯ್ಯನವರ ಮೊದಲ ದಾಳಿ ಸೀಟುಗಳ ನಡುವಿನ ಲಿವರಿನ ಮೇಲೆ. ಅದರ ತುದಿಯ ಗುಂಡಿ ಒತ್ತಿದರೆ ಒಳಗೇ ಹೋಗಲಿಲ್ಲ. ಹಲ್ಲುಜ್ಜುವ ಬ್ರಶ್ಶಿನಿಂದ ಕೆರೆದು ನೋಡಿದರೆ ಏನಿದೆ? ವರ್ಷವರ್ಷವೂ ಹಚ್ಚಿದ ಗಂಧ, ಅರಿಶಿನ, ಕುಂಕುಮ ಒಣಗಿ ಕಲ್ಲಾಗಿ ಕೂತಿತ್ತು.

"ನೋಡು, ಇದು ನಿನ್ನ ಪೂಜೆ ಮಾಡಿರೋ ಕೆಲಸ."

"ಕುಂಕುಮ ಹಚ್ಚಿದ್ದು ನಾನೇ. ಬ್ರೇಕ್ ಎಳೆದು ಮರೆತೋರು ಯಾರು? ಅಂದ್ಹಾಗೆ ಆ ಬ್ರಶ್ ನಂದು."

ಅಂತೂ ಗುಂಡಿ ಬಿಟ್ಟುಕೊಂಡಿತು, ಲಿವರು ಕೆಳಗಿಳಿಯಿತು. ಚಕ್ರ ಮಾತ್ರ ಜಪ್ಪಯ್ಯ ಅನ್ನಲಿಲ್ಲ! ಮೇಷ್ಟ್ರು ಟೈರುಗಳಿಗೆ ಗಾಳಿ ಹೊಡೆದು ಕಾರಿನ ಕೆಳಗೆ ನುಗ್ಗಿದರು. ಲಿವರಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಕೇಬಲ್ಲಿಗೆ ಸೀಮೆಎಣ್ಣೆ ಕುಡಿಸಿದರು, ಹರಳೆಣ್ಣೆ ಕುಡಿಸಿದರು, ಕೊನೆಗೆ ಹೆಂಡತಿಯ ತಲೆಗೆ ಹಚ್ಚುವ ಎಣ್ಣೆಯನ್ನೂ ಸುರಿದರು. ಶತ್ರುವನ್ನು ಒಂಟಿ ಮಾಡಿ ಹೊಡೆಯಬೇಕೆಂದು ಕೇಬಲ್ಲನ್ನೇ ಕೊಕ್ಕೆಯಿಂದ ಕಳಚಿ ಮೂಲೆಗೆಸೆದರು. ಆಗ ತಿಳಿಯಿತು, ಚಕ್ರದೊಳಗಿನ ಬ್ರೇಕು ತುಕ್ಕು ಹಿಡಿದು ಡ್ರಮ್ಮಿಗೇ ಕಚ್ಚಿಕೊಂಡಿದೆ! ಸುತ್ತಿಗೆ ತೆಗೆದುಕೊಂಡು ಡ್ರಮ್ಮಿಗೆ ಬಾರಿಸಿದರು. ಬೀದಿಯ ನಾಯಿಗಳೆಲ್ಲ ಊರು ಬಿಟ್ಟವು, ಬ್ರೇಕು ಬಿಡಲಿಲ್ಲ.

ಹಬ್ಬದ ಬೆಳಗ್ಗೆ ಪರಮಶಿವಯ್ಯನವರು ಸೋತು ಮೆಟ್ಟಿಲ ಮೇಲೆ ಕೂತಿದ್ದರು. ವಾರಿಜಮ್ಮ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ಪೂಜೆ ಮುಗಿಸಿ ನಿಂಬೆಹಣ್ಣು ಇಟ್ಟರು. ನಾಳೆ ಈ ಜಾಗ ಖಾಲಿಯಾಗುತ್ತದಲ್ಲ ಎನಿಸಿ ಮೇಷ್ಟ್ರು ಎದ್ದು ಕಾರಿನ ಬಾಗಿಲು ತೆರೆದರು.

"ವಾರೀ, ಹೋಗೋದಂತೂ ಆಗ್ಲಿಲ್ಲ. ಸ್ಟೇರಿಂಗ್ ಹಿಡ್ಕೊಂಡು ಒಂದ್ಸಲ ಸುಮ್ನೆ ಕೂತ್ಕೋ. ಹಿಂದಿನಿಂದ ತಳ್ತೀನಿ, ನಿಂಬೆಹಣ್ಣಾದ್ರೂ ಜಜ್ಜಲಿ."

ಮಹಡಿಯ ಮೇಲೆ ಬಾಡಿಗೆಗಿದ್ದ ರಾಯಚೂರು ಕಡೆಯ ಮೌನೇಶ ಇದನ್ನು ಕೇಳಿ ಇಳಿದು ಬಂದ. "ತಡೀರಿ ಸರ್, ನಾನೂ ಕೈ ಹಚ್ತೀನಿ," ಎಂದ. ಜೋಳದ ರೊಟ್ಟಿಯ ಕೈ. ಒಂದು, ಎರಡು, ಮೂರು ಎನ್ನುವಷ್ಟರಲ್ಲಿ ಡ್ರಮ್ಮಿನೊಳಗೆ ಠಣ್ಣೆಂದಿತು. ನಿಂಬೆಹಣ್ಣುಗಳು ಪಚಕ್ಕೆಂದವು. ಹಬ್ಬಕ್ಕೆ ತೆರೆದಿಟ್ಟಿದ್ದ ಗೇಟು ದಾಟಿ ಕಾರು ಹೊರಟೇಬಿಟ್ಟಿತು!

ಅವರ ಗೇಟಿನೆದುರೇ ಶುರುವಾಗುವ ರಸ್ತೆ ಕೆಳಗೆ ಗಣೇಶನ ಗುಡಿಯವರೆಗೂ ಇಳಿಜಾರು. ಕಾಲಿನ ಬ್ರೇಕಿನ ಎಣ್ಣೆ ಒಣಗಿ ಯಾವ ಕಾಲವಾಯಿತೋ.

"ಹ್ಯಾಂಡ್‌ಬ್ರೇಕ್ ಎಳಿಯೇ!"

ವಾರಿಜಮ್ಮ ಎಳೆದರು. ಲಿವರು ಬೆಣ್ಣೆಯ ಹಾಗೆ ಮೇಲೆ ಬಂತು. ಅದಕ್ಕೂ ಚಕ್ರಕ್ಕೂ ಇದ್ದ ಸಂಬಂಧವನ್ನು ಮೇಷ್ಟ್ರು ಸ್ವಹಸ್ತದಿಂದ ಕಡಿದು ಮೂಲೆಗೆಸೆದಿದ್ದರಲ್ಲ!

ಮುಂದೆ ಚೆಂಡು ಹೂವಿನ ಹಾರ ತೊಟ್ಟ ಕೆಂಪು ಕಾರು, ಎಂಜಿನ್ನಿನ ಸದ್ದೇ ಇಲ್ಲದೆ. ಹಿಂದೆ ಲುಂಗಿ ಹಿಡಿದ ಮೇಷ್ಟ್ರು, ಅವರ ಹಿಂದೆ ಮೌನೇಶ. ಅಷ್ಟರಲ್ಲಿ ಮಲ್ಲಿಗೆಯ ದಂಡೆಯೊಂದು ಹಾರಿ ಬಂದು ಮೇಷ್ಟ್ರ ಮುಖಕ್ಕೆ ಅಪ್ಪಳಿಸಿತು. ಮುಂದಿನಿಂದ ಕೇಳಿಸಿದ್ದು ಅಳುವಲ್ಲ, ಕಿರುಚಾಟವೂ ಅಲ್ಲ. ಮಿನರ್ವ ಸರ್ಕಲ್ಲಿನ ಅದೇ ನಗು.

ಗುಡಿಯ ಹತ್ತಿರ ರಸ್ತೆ ಸಮತಟ್ಟಾಗುವಲ್ಲಿ ಕಾರು ತಾನಾಗಿ ನಿಧಾನವಾಗಿ, ಪೂಜೆಗೆ ಸಾಲುಗಟ್ಟಿದ್ದ ಸ್ಕೂಟರು ಆಟೋಗಳ ಕೊನೆಯಲ್ಲಿ ಶಿಸ್ತಾಗಿ ನಿಂತಿತು. ಅರ್ಚಕರು ಏನೂ ವಿಶೇಷವಿಲ್ಲದವರಂತೆ ಅದಕ್ಕೂ ಮಂಗಳಾರತಿ ಎತ್ತಿದರು. ಏದುಸಿರು ಬಿಡುತ್ತಾ ಬಂದ ಗಂಡನನ್ನು ವಾರಿಜಮ್ಮ ಸೀಟಿನಿಂದ ಏಳದೆಯೇ ನೋಡಿದರು.

"ಮದುವೆ ಆದಾಗಿಂದ ಕರ್ಕೊಂಡು ಹೋಗ್ತೀನಿ, ಕರ್ಕೊಂಡು ಹೋಗ್ತೀನಿ ಅಂತಾನೇ ಇದ್ರಿ. ನೀವು ಹತ್ತದೇ ಇದ್ದಿದ್ದಕ್ಕೆ ಹೊರಡ್ತು ನೋಡಿ. ಗುಜರಿಯವನಿಗೆ ಬರ್ಬೇಡ ಅಂತ ಹೇಳಿಬಿಡಿ."

ಮರಳಿ ಏರಿಗೆ ತಳ್ಳುವಾಗಲೂ ಅವರು ಇಳಿಯಲಿಲ್ಲ. ಪೂಜೆಗೆ ಬಂದವರೆಲ್ಲ ಸೇರಿ ಮೆರವಣಿಗೆಯಲ್ಲೇ ಮನೆ ಮುಟ್ಟಿಸಿದರು. ಇಳಿಜಾರಿನ ಅಂಗಳದಲ್ಲಿ ಈಗ ಬ್ರೇಕಿಲ್ಲದ ಗಾಡಿ ನಿಲ್ಲಿಸುವುದು ಹೇಗೆ? ಮೇಷ್ಟ್ರು ಕೋನ, ಭಾರ, ಗುಣಾಂಕ ಎಂದು ಯೋಚಿಸುತ್ತಿರುವಾಗ ವಾರಿಜಮ್ಮ ಒರಳಿನ ರುಬ್ಬುಗುಂಡು ತರಿಸಿ ಚಕ್ರದ ಮುಂದೆ ಇಡಿಸಿದರು. ಗಾಡಿ ನಿಂತಿತು.

ಮಾರನೆಯ ಬೆಳಗ್ಗೆ ಪರಮಶಿವಯ್ಯನವರು ಪೇಪರು ಬಿಡಿಸುತ್ತಿದ್ದಂತೆ ಅಂಗಳದಿಂದ ಕರೆ ಬಂತು.

"ರೀ, ಸ್ವಲ್ಪ ಬನ್ನಿ. ದೋಸೆಗೆ ಚಟ್ನಿ ರುಬ್ಬಬೇಕು, ಗುಂಡು ತಗೋತೀನಿ. ಅಲ್ಲೀ ತನಕ ಗಾಡಿ ಹಿಡ್ಕೊಂಡಿರಿ."

ಘರ್ಷಣೆಯ ಮೇಷ್ಟ್ರು ಬಾನೆಟ್ಟಿಗೆ ಎರಡೂ ಕೈ ಕೊಟ್ಟು, ಹಿಮ್ಮಡಿ ಊರಿ ನಿಂತರು. ಒರಳಿನ ಗರಗರ ಶುರುವಾಯಿತು.

"ಚಟ್ನಿ ನುಣ್ಣಗಿರ್ಲೋ, ತರಿತರಿಯಾಗಿರ್ಲೋ?" ಎಂದು ಹಿತ್ತಲಿನಿಂದ ದನಿ ಬಂತು.

"ಯಾವ್ದು ಬೇಗ ಆಗುತ್ತೋ ಅದು," ಎಂದರು ಪರಮಶಿವಯ್ಯನವರು.