ನನ್ನ ಅರ್ಧ ಪಾಸ್‌ವರ್ಡನ್ನು ಒಪ್ಪದ ರೂಟರ್ ಮಹಾಶಯರಿಗೆ

ನಮ್ಮ ನಡುಮನೆಯ ಗೋಡೆಯಲ್ಲಿ, ಕ್ಯಾಲೆಂಡರಿಗಿಂತ ಒಂದು ಗೇಣು ಎತ್ತರದಲ್ಲಿ, ಎರಡು ಕೊಂಬುಗಳ ಸಮೇತ ವಿರಾಜಮಾನರಾಗಿರುವ ರೂಟರ್ ಮಹಾಶಯರ ಸನ್ನಿಧಾನಕ್ಕೆ, ಅದೇ ಮನೆಯ ಯಜಮಾನನೆಂದು ಹೊರಬಾಗಿಲ ಫಲಕದಲ್ಲಿ ಮಾತ್ರ ನಮೂದಾಗಿರುವ ವ್ಯಕ್ತಿಯ ಸಾಷ್ಟಾಂಗ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂಬುದನ್ನು ತಮ್ಮ ಹಣೆಯ ನಾಲ್ಕು ಹಸಿರು ದೀಪಗಳಿಂದ ತಿಳಿದು ಸಂತೋಷಪಟ್ಟಿದ್ದೇನೆ. ಇತ್ತ ನಾನು, ನನ್ನಾಕೆ ಮತ್ತು ಮಗಳು ಮೂವರೂ ಕ್ಷೇಮ. ಅದನ್ನು ದೀಪ ಹಚ್ಚಿ ತೋರಿಸುವ ಸೌಕರ್ಯ ನಮ್ಮ ಹಣೆಗಳಲ್ಲಿ ಇಲ್ಲದ ಕಾರಣ ಬರವಣಿಗೆಯಲ್ಲಿ ತಿಳಿಸುತ್ತಿದ್ದೇನೆ. ಈ ದೂರನ್ನು ತಮ್ಮ ಕಂಪನಿಗೇ ಸಲ್ಲಿಸಬಹುದಿತ್ತು. ಆದರೆ ಅಲ್ಲಿಗೆ ಕರೆ ಮಾಡಿದಾಗ ನನ್ನ ಕರೆ ಅವರಿಗೆ ಅತ್ಯಮೂಲ್ಯವೆಂದು ಒಬ್ಬ ಹೆಣ್ಣುಮಗಳು ಹಾಡಿನ ನಡುನಡುವೆ ಇಪ್ಪತ್ತೆರಡು ನಿಮಿಷ ಹೇಳಿದರು, ಅಷ್ಟು ಅಮೂಲ್ಯವಾದದ್ದನ್ನು ಬಳಸಲು ಮನಸ್ಸಾಗಲಿಲ್ಲವೋ ಏನೋ, ಕಡೆಗೆ ಕಡಿದುಹಾಕಿದರು. ಆದ್ದರಿಂದ ನೇರವಾಗಿ ತಮ್ಮ ಪಾದಕ್ಕೇ ಬಂದಿದ್ದೇನೆ; ತಮಗೆ ಪಾದಗಳಿಲ್ಲ, ಗೋಡೆಗೆ ಹೊಡೆದ ಎರಡು ಮೊಳೆಗಳಿವೆ, ಅವನ್ನೇ ಪಾದಗಳೆಂದು ಭಾವಿಸಬೇಕಾಗಿ ಪ್ರಾರ್ಥನೆ.

ಮೊದಲು ನನ್ನ ಪರಿಚಯ. ನಾನು ಬ್ಯಾಂಕಿನ ಲಾಕರ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಲಾಕರು ಒಂದು ಕೀಲಿಗೆ ಬಗ್ಗುವುದಿಲ್ಲ ಎಂಬುದು ತಮಗೂ ಗೊತ್ತಿರಬಹುದು. ಮೊದಲು ಬ್ಯಾಂಕಿನ ಕೀಲಿ ತಿರುಗಬೇಕು, ಆಮೇಲೆ ಗ್ರಾಹಕರ ಕೀಲಿ ತಿರುಗಬೇಕು. ಒಬ್ಬರಿಲ್ಲದೆ ಇನ್ನೊಬ್ಬರು ಎಷ್ಟು ಒದ್ದಾಡಿದರೂ ಬಾಗಿಲು ಮಿಸುಕುವುದಿಲ್ಲ. ನನ್ನ ಕೀಲಿ ತಿರುಗಿಸಿ ನಾನು ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ಒಳಗೆ ಏನಿಟ್ಟರು, ಏನು ತೆಗೆದರು, ಯಾರು ಕಣ್ಣೀರು ಹಾಕಿದರು ಎಂಬುದು ನನಗೆ ಬೇಕಿರಲಿಲ್ಲ. ಆ ಗೋಡೆಯ ಸುಣ್ಣದ ಬಿರುಕು ಬಿರುಕೂ ನನಗೆ ಬಾಯಿಪಾಠವಾಗಿತ್ತು. ಇಷ್ಟು ವರ್ಷ ಗೋಡೆ ನೋಡಿ ಸಂಬಳ ಪಡೆದ ಮನುಷ್ಯನಿಗೆ, ಗೋಡೆಯ ಮೇಲೆಯೇ ಕೂತಿರುವ ತಾವು ತೋರಿದ ಅನಾದರವೇ ಈ ಪತ್ರದ ವಿಷಯ.

ತಮ್ಮನ್ನು ಮನೆಗೆ ಬರಮಾಡಿಕೊಂಡದ್ದು ಶೋಕಿಗಲ್ಲ. ನನ್ನ ಮಗಳು ಕಟ್ಟಡಗಳ ನಕ್ಷೆ ಬರೆಯುವವಳು. ಅವಳ ಕಚೇರಿ ಎಂಟು ತಿಂಗಳ ಹಿಂದೆ ಮುಚ್ಚಿತು. ಅಂದಿನಿಂದ ಅವಳು ಬೆಳಿಗ್ಗೆ ಎದ್ದು ಸ್ನಾನ ಮಾಡಿ, ತಲೆ ಬಾಚಿ, ಕೆಲಸಕ್ಕೆ ಹೊರಟವಳ ಹಾಗೆ ಸಿದ್ಧಳಾಗಿ ತನ್ನ ಕೋಣೆಗೆ ಹೋಗಿ ಕೂರುತ್ತಿದ್ದಳು. ಅದನ್ನು ನೋಡುವುದು ನಮ್ಮಿಬ್ಬರಿಗೂ ಕಷ್ಟವಾಗುತ್ತಿತ್ತು. ಕಡೆಗೆ ಒಂದು ದೊಡ್ಡ ಸಂಸ್ಥೆಯವರು ಮಂಗಳವಾರ ಹನ್ನೊಂದು ಗಂಟೆಗೆ ಕಂಪ್ಯೂಟರಿನಲ್ಲೇ ಮುಖ ನೋಡಿ ಸಂದರ್ಶನ ಮಾಡುತ್ತೇವೆಂದು ತಿಳಿಸಿದರು. ನಮ್ಮ ಮನೆಯಲ್ಲಿ ಮೊಬೈಲಿನ ಸಿಗ್ನಲ್ ಸಿಗುವುದು ತಾರಸಿಯ ನೀರಿನ ತೊಟ್ಟಿಯ ಮಗ್ಗುಲಲ್ಲಿ ಮಾತ್ರ, ಅದೂ ಒಂಟಿಕಾಲಿನಲ್ಲಿ ನಿಂತರೆ. ಹಾಗಾಗಿ ಮೂರು ವಾರ ಮುಂಚಿತವಾಗಿ ತಮ್ಮನ್ನು ಕರೆಸಿದೆವು.

ತಮ್ಮನ್ನು ಪೆಟ್ಟಿಗೆಯಿಂದ ಎತ್ತಿ ಪ್ರತಿಷ್ಠಾಪಿಸಲು ಬಂದವರು ಏಣಿ ಹೊತ್ತು ತಂದದ್ದರಿಂದ ನಮ್ಮ ಮನೆಯಲ್ಲಿ ಇಂದಿಗೂ ಅವರಿಗೆ ಏಣಿಯವರು ಎಂದೇ ಹೆಸರು. ತಮ್ಮನ್ನು ಎಲ್ಲಿ ಇಡಬೇಕೆಂದು ಅವರು ಕೇಳಿದಾಗ ನಾನು ಸಹಜವಾಗಿಯೇ ಕಬ್ಬಿಣದ ಬೀರುವಿನ ಒಳಗಿನ ಖಾನೆಯನ್ನು ತೋರಿಸಿದೆ. ಅವರು ಬೀರುವನ್ನೂ ನನ್ನನ್ನೂ ಒಂದು ಸಲ ನೋಡಿ, ಸಾರ್, ಇದೇನು ಒಡವೆಯಾ, ಬೀಗ ಹಾಕಿದರೆ ಒಳಗೇ ಉಳಿದುಬಿಡುತ್ತದೆ ಎಂದರು. ಒಳಗೇ ಉಳಿಯುವುದಲ್ಲವೇ ಭದ್ರತೆಯ ಉದ್ದೇಶ ಎಂದು ನಾನು ಪಟ್ಟು ಹಿಡಿದೆ. ನನ್ನಾಕೆ ಒಳಗಿನಿಂದ ಬಂದು, ನಡುಮನೆಯ ಗೋಡೆಗೆ ಹೊಡೆಯಿರಿ ಎಂದು ಹೇಳಿ ಹೋದಳು. ಏಣಿಯವರು ಗೋಡೆಗೇ ಹೊಡೆದರು. ಯಾರ ಮಾತು ನಡೆಯುತ್ತದೆಂದು ಕಂಡುಹಿಡಿಯಲು ಅವರಿಗೆ ಯಾವ ಉಪಕರಣವೂ ಬೇಕಾಗಲಿಲ್ಲ.

ಸ್ಥಳದ ವಿಷಯದಲ್ಲಿ ಸೋತವನು ಭದ್ರತೆಯ ವಿಷಯದಲ್ಲಿ ಸೋಲಬಾರದೆಂದು ನಾನು ತಮ್ಮ ಬೆನ್ನಿಗೆ ಅಂಟಿಸಿದ್ದ ಹಳೆಯ ಪಾಸ್‌ವರ್ಡಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಹೊಸ ಪಾಸ್‌ವರ್ಡನ್ನು ಎರಡು ಪಾಲು ಮಾಡಿದೆ. ಮೊದಲ ಎಂಟು ಅಕ್ಷರ ನನ್ನವು, ಕೊನೆಯ ಎಂಟು ನನ್ನಾಕೆಯವು. ಬರೆದಿಡುವಂತಿಲ್ಲ, ಒಬ್ಬರಿಗೊಬ್ಬರು ಹೇಳುವಂತಿಲ್ಲ. ಪ್ರತಿದಿನ ಬೆಳಿಗ್ಗೆ ಮಗಳ ಕಂಪ್ಯೂಟರಿನ ಮುಂದೆ ನಾನು ಕೂತು ಒಂದೇ ಬೆರಳಿನಲ್ಲಿ ನನ್ನ ಅರ್ಧವನ್ನು ಒತ್ತುವಾಗ ನನ್ನಾಕೆ ಗೋಡೆಯ ಕಡೆ ತಿರುಗಿ ನಿಲ್ಲಬೇಕು. ಆಮೇಲೆ ಅವಳು ಕೂತಾಗ ನಾನು ತಿರುಗಿ ನಿಲ್ಲುತ್ತೇನೆ. ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳಲೇ ಎಂದು ಕಂಪ್ಯೂಟರು ವಿನಯದಿಂದ ಕೇಳುತ್ತಿತ್ತು. ಬೇಡ ಎಂದು ಒತ್ತಿಸುತ್ತಿದ್ದೆ, ಅದು ಸಾಲದೆಂದು ಸಂಜೆ ಆರಕ್ಕೆ ನಾನೇ ಖುದ್ದಾಗಿ ಹೋಗಿ ಈ ಸಂಪರ್ಕವನ್ನು ಮರೆತುಬಿಡು ಎಂಬ ಗುಂಡಿ ಒತ್ತಿ ಬರುತ್ತಿದ್ದೆ. ತೆರೆದ ಲಾಕರನ್ನು ತೆರೆದೇ ಬಿಟ್ಟು ಯಾರಾದರೂ ಮನೆಗೆ ಹೋಗುತ್ತಾರೆಯೇ? ಮಗಳು ಮೊದಲ ದಿನ ನಕ್ಕಳು, ಎರಡನೆಯ ದಿನ ಬೇಡಿಕೊಂಡಳು, ಮೂರನೆಯ ದಿನದಿಂದ ಸುಮ್ಮನಾದಳು. ನಮ್ಮ ಮನೆಯ ವೈಫೈಯನ್ನು ಕದಿಯಲು ಹೊಂಚು ಹಾಕಿದವರು ಯಾರೆಂದು ನನಗೆ ಗೊತ್ತಿಲ್ಲ. ಎದುರು ಮನೆಯವರು ದಿನವೂ ತಮ್ಮ ಕಿಟಕಿಯಿಂದ ನಮ್ಮ ಕಡೆ ನೋಡುತ್ತಾರೆ, ಅಷ್ಟು ಸಾಕಾಗಿತ್ತು.

ಇನ್ನು ಮಂಗಳವಾರದ ಘಟನೆ. ಅಂದು ಬೆಳಿಗ್ಗೆ ಒಂಬತ್ತೂವರೆಗೆ ನನ್ನಾಕೆಗೆ ದವಡೆಯ ಹಲ್ಲು ಕೀಳಿಸುವುದಿತ್ತು. ದಿನ ಮುಂದೂಡಿದರೆ ಆ ಡಾಕ್ಟರು ಮತ್ತೆ ಸಿಗುವುದು ಹದಿನೈದು ದಿನಕ್ಕೆ, ಹಲ್ಲೋ ಅಷ್ಟು ದಿನ ಕಾಯುವ ಸ್ಥಿತಿಯಲ್ಲಿರಲಿಲ್ಲ. ನಿಯಮವನ್ನು ಸಡಿಲಿಸಿ, ಅವಳ ಅರ್ಧವನ್ನು ಆ ಒಂದು ದಿನದ ಮಟ್ಟಿಗೆ ಮಗಳಿಗೆ ಹೇಳಿಹೋಗಲು ನಾನು ಅನುಮತಿ ನೀಡಿದೆ. ನನ್ನ ಔದಾರ್ಯಕ್ಕೆ ನಾನೇ ತಲೆದೂಗಿದೆ.

ಹತ್ತು ಮುಕ್ಕಾಲಿಗೆ ಮಗಳು ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು, ತನ್ನ ನಕ್ಷೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ ಕೂತಳು. ನಾನು ನನ್ನ ಎಂಟು ಅಕ್ಷರ ಒತ್ತಿದೆ, ಅವಳು ಅವಳಮ್ಮನ ಎಂಟು ಒತ್ತಿದಳು. ತಾವು ಕೆಂಪಕ್ಷರದಲ್ಲಿ ಪಾಸ್‌ವರ್ಡ್ ತಪ್ಪಾಗಿದೆ ಎಂದು ಉತ್ತರಿಸಿದಿರಿ. ಮತ್ತೆ ಒತ್ತಿದೆವು, ಮತ್ತೆ ಅದೇ ಉತ್ತರ. ಒಂದು ಮಾತನ್ನು ಇಷ್ಟು ಸಲ, ಇಷ್ಟು ಬೇಸರವಿಲ್ಲದೆ, ಒಂದಕ್ಷರವೂ ಬದಲಿಸದೆ ಹೇಳುವ ತಮ್ಮ ಸ್ಥೈರ್ಯವನ್ನು ಕಂಡು ನಾನು ಬೆರಗಾದೆ. ನಮ್ಮ ಮ್ಯಾನೇಜರರಲ್ಲಿ ಒಬ್ಬರಿಗೂ ಈ ಗುಣವಿರಲಿಲ್ಲ. ಹತ್ತು ಐವತ್ತಾರಕ್ಕೆ ಮಗಳು ನನ್ನ ಕಡೆ ತಿರುಗಿ ಮೆಲ್ಲಗೆ, "ಅಪ್ಪಾ, ನಿಮ್ಮದು ಸರಿಯಾಗಿ ನೆನಪಿದೆ ತಾನೆ?" ಎಂದು ಕೇಳಿದಳು.

ಮಾನ್ಯರೇ, ನನ್ನ ಕೀಲಿಗೊಂಚಲನ್ನು ಒಂದೇ ಒಂದು ದಿನ ಎಲ್ಲಿಟ್ಟೆನೆಂದು ಹುಡುಕದವನು ನಾನು. ಆ ಪ್ರಶ್ನೆ ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ನಿನ್ನಮ್ಮನದೇ ತಪ್ಪಿರಬೇಕು, ಅವಳಿಗೆ ಯಾವುದು ತಾನೆ ನೆಟ್ಟಗೆ ನೆನಪಿರುತ್ತದೆ ಎಂದುಬಿಟ್ಟೆ. ಆಮೇಲೆ ತಮ್ಮನ್ನು ಆರಿಸಿ ಹೊತ್ತಿಸಿದೆ. ತಮ್ಮ ಕೊಂಬುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದೆ. ನನ್ನಾಕೆಗೆ ಫೋನು ಮಾಡೋಣವೆಂದರೆ ಅವಳ ಫೋನು ಅಡುಗೆಮನೆಯಲ್ಲೇ ಬಿದ್ದಿತ್ತು. ತಾರಸಿಗೆ ಓಡಿ ಏಣಿಯವರಿಗೆ ಫೋನು ಮಾಡಿದೆ. ಅವರು ಇನ್ನಾರದೋ ಗೋಡೆಯ ಮೇಲಿದ್ದರು. ಕೆಳಗಿಳಿದು ಬರುವಾಗ ಮೆಟ್ಟಿಲ ಮೇಲೆ ನಿಂತು ನನ್ನ ಎಂಟು ಅಕ್ಷರಗಳನ್ನು ಒಂದೊಂದಾಗಿ ಕರೆದೆ. ಐದು ಬಂದವು. ಆರನೆಯದು ಒಂದು ಸಲ ಒಂದಾಗಿ, ಇನ್ನೊಂದು ಸಲ ಇನ್ನೊಂದಾಗಿ ಬಂತು. ಆಮೇಲೆ ಏನೂ ಇರಲಿಲ್ಲ.

ನನಗೆ ಭಯವಾಯಿತು. ಅದನ್ನು ಬೇರೆ ಮಾತಿನಲ್ಲಿ ಹೇಳುವುದು ನನಗೆ ಗೊತ್ತಿಲ್ಲ. ಕೋಣೆಗೆ ಹೋಗಿ ಮಗಳ ಹಿಂದೆ ನಿಂತೆ, ಮರೆತಿದ್ದೇನೆ ಎಂದು ಮಾತ್ರ ಹೇಳಲಿಲ್ಲ. ಬದಲಿಗೆ, ಈ ಕಂಪನಿಯವರೇ ಹೀಗೆ ಎಂದೆ. ಹನ್ನೊಂದು ಹೊಡೆಯಿತು. ಮಗಳು ಕೈ ಕಟ್ಟಿಕೊಂಡು ಕೆಂಪಕ್ಷರಗಳನ್ನು ನೋಡುತ್ತ ಕೂತಿದ್ದಳು. ಅವಳು ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ನನ್ನಾಕೆ ಬಂದಳು. ಒಂದು ಕೆನ್ನೆ ಊದಿತ್ತು, ಬಾಯಿ ತುಂಬ ಹತ್ತಿ, ಮಾತಾಡುವಂತಿರಲಿಲ್ಲ. ಚಪ್ಪಲಿಯನ್ನೂ ಬಿಡದೆ ಕೋಣೆಗೆ ಬಂದು, ಮಗಳ ಮುಖ ನೋಡಿ, ನನ್ನ ಮುಖ ನೋಡಿ, ಕೂತಳು. ನಾನು ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿದೆ. ಗುಂಡಿಗಳ ಸದ್ದು ಎಂಟಕ್ಕೆ ನಿಲ್ಲಲಿಲ್ಲ. ಹದಿನಾರಕ್ಕೆ ನಿಂತಿತು. ತಾವು ತಕ್ಷಣ, ಯಾವ ಚಕಾರವೂ ಎತ್ತದೆ, ಬಾಗಿಲು ತೆರೆದಿರಿ.

ಸಂದರ್ಶನ ನಡೆಯಿತು. ತಡವಾದದ್ದಕ್ಕೆ ಅವರು ಕಾರಣ ಕೇಳಿದರಂತೆ. ಅಮ್ಮನಿಗೆ ಹಲ್ಲು ಕೀಳಿಸಬೇಕಿತ್ತು ಎಂದಳಂತೆ. ಅಪ್ಪನ ಹೆಸರೆತ್ತಲಿಲ್ಲ. ಮುಂದಿನ ಸೋಮವಾರದಿಂದ ಕೆಲಸಕ್ಕೆ ಬನ್ನಿ ಎಂದು ನಿನ್ನೆ ತಿಳಿಸಿದ್ದಾರೆ. ಇಷ್ಟಕ್ಕೂ ತಮ್ಮ ಋಣವಿದೆ, ಅದನ್ನು ನಾನು ಮರೆಯಲಾರೆ. ಮರೆಯಲಾರೆ ಎಂದು ಬರೆಯುವಾಗ ಈಗೀಗ ಕೈ ಒಂದು ಕ್ಷಣ ತಡೆಯುತ್ತದೆ, ಇರಲಿ.

ಮಧ್ಯಾಹ್ನ ಹತ್ತಿ ತೆಗೆದ ಮೇಲೆ ನನ್ನಾಕೆಯನ್ನು ಕೇಳಿದೆ, ನನ್ನ ಅರ್ಧ ನಿನಗೆ ಹೇಗೆ ಗೊತ್ತು ಎಂದು. "ಒತ್ತುವಾಗ ಒಂದೊಂದನ್ನೂ ಬಾಯಲ್ಲಿ ಹೇಳ್ಕೋತೀರಲ್ಲ. ಮೊದಲನೇ ದಿನಾನೇ ಕೇಳಿಸ್ತು" ಎಂದಳು. ಹಾಗಾದರೆ ಇಷ್ಟು ದಿನ ಗೋಡೆಯ ಕಡೆ ತಿರುಗಿ ನಿಂತದ್ದೇಕೆ ಎಂದೆ. "ನಿಮಗೆ ಸಮಾಧಾನ ಆಗ್ಲಿ ಅಂತ" ಎಂದು, ಊದಿದ ಕೆನ್ನೆಗೆ ಮಂಜುಗಡ್ಡೆಯ ಚೀಲ ಒತ್ತಿಕೊಂಡು ಮಲಗಿದಳು. ನಮ್ಮ ಶಾಖೆಯ ಕೀಲಿಗಳಿಗೆಲ್ಲ ಒಂದು ಡೂಪ್ಲಿಕೇಟ್ ಜೊತೆ ಇರುತ್ತಿತ್ತು, ಅದನ್ನು ಮೊಹರು ಮಾಡಿ ಬೇರೊಂದು ಶಾಖೆಯಲ್ಲಿ ಇಡುತ್ತಿದ್ದರು. ಯಾವ ಶಾಖೆಯೆಂದು ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮನೆಯಲ್ಲಿಯೂ ಅಂಥದೊಂದು ಏರ್ಪಾಡು ಇದೆಯೆಂದು ನನಗೆ ತಿಳಿದದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ.

ಇಷ್ಟಾದ ಮೇಲೆ ತಮ್ಮಲ್ಲಿ ಕೆಲವು ವಿನಂತಿಗಳಿವೆ, ದಯವಿಟ್ಟು ಪರಾಂಬರಿಸಬೇಕು. ನಾನು ತಪ್ಪಿದಾಗ ಮಗಳ ಎದುರಿಗೆ ಕೆಂಪಕ್ಷರದಲ್ಲಿ ಸಾರದೆ, ಒಮ್ಮೆ ಕೆಮ್ಮಿ, ಇನ್ನೊಮ್ಮೆ ನೋಡಿ ಸಾರ್ ಎಂದು ನನ್ನ ಕಿವಿಯಲ್ಲಿ ಹೇಳುವಂಥ ಒಂದು ವ್ಯವಸ್ಥೆ ಮಾಡಿಕೊಳ್ಳಬೇಕು. ಐದು ಅಕ್ಷರ ಸರಿಯಿದ್ದು ಮೂರು ತಪ್ಪಿದರೆ, ಉತ್ತೀರ್ಣನೆಂದು ಪರಿಗಣಿಸಬೇಕು. ಶಾಲೆಯಲ್ಲಿ ಇದಕ್ಕಿಂತ ಕಡಿಮೆಗೆ ನನ್ನನ್ನು ಪಾಸು ಮಾಡಿದ್ದಾರೆ. ಗ್ರಾಹಕರ ಹೆಜ್ಜೆಯ ಸಪ್ಪಳ ಕೇಳಿಯೇ ಅವರ ಲಾಕರಿನ ಸಂಖ್ಯೆ ಹೇಳುತ್ತಿದ್ದವನು ನಾನು, ತಾವೂ ನನ್ನ ಹೆಜ್ಜೆಯ ಸಪ್ಪಳವನ್ನು ಗುರುತು ಹಿಡಿಯಲು ಅಭ್ಯಾಸ ಮಾಡಬೇಕು. ಮುಖ್ಯವಾಗಿ, ಸಂಜೆ ಆರಕ್ಕೆ ನಾನು ಮರೆತುಬಿಡು ಎಂದು ಒತ್ತಿದರೆ ಸಂಪರ್ಕವನ್ನು ಮರೆಯದೆ, ನಾನು ಮಗಳಿಗೆ ಅವಳಮ್ಮನ ವಿಷಯದಲ್ಲಿ ಹೇಳಿದ ಆ ಒಂದು ವಾಕ್ಯವನ್ನು ಎಲ್ಲರ ತಲೆಯಿಂದ ಮರೆಸಬೇಕು. ಇದು ತಮ್ಮ ಕಂಪನಿಯ ಯಾವ ಯೋಜನೆಯಲ್ಲಿ ಬರುತ್ತದೆಂದು ತಿಳಿಸಿದರೆ ಅದಕ್ಕೇ ಬದಲಾಯಿಸಿಕೊಳ್ಳುತ್ತೇನೆ.

ತಮ್ಮ ದೀಪಗಳು ಸದಾ ಹಸಿರಾಗಿರಲಿ, ಕೊಂಬುಗಳು ನೆಟ್ಟಗಿರಲಿ ಎಂದು ಹಾರೈಸುತ್ತ,

ತಮ್ಮ ವಿಶ್ವಾಸಿ,
ಮೊದಲ ಎಂಟು ಅಕ್ಷರಗಳ ಮಾಜಿ ಪಾಲಕ

ತಾ.ಕ.: ಈ ಪತ್ರವನ್ನು ಓದಿದ ನನ್ನಾಕೆ ಒಂದೇ ಒಂದು ತಿದ್ದುಪಡಿ ಸೂಚಿಸಿದ್ದಾಳೆ. ನಾನು ತಪ್ಪಿದ್ದು ಮಂಗಳವಾರವೇ ಮೊದಲಲ್ಲವಂತೆ. ಅದಕ್ಕೂ ಹಿಂದಿನ ವಾರ ಮೂರು ಬೆಳಿಗ್ಗೆ ನಾನು ಬಾಯಲ್ಲಿ ತಪ್ಪಾಗಿ ಹೇಳಿಕೊಂಡದ್ದು ಅವಳಿಗೆ ಕೇಳಿಸಿತ್ತಂತೆ, ತನ್ನ ಸರದಿ ಬಂದಾಗ ನಾನು ಗೋಡೆ ನೋಡುತ್ತಿರುವಾಗ ನನ್ನದನ್ನು ಅಳಿಸಿ, ನನ್ನ ಎಂಟನ್ನೂ ತನ್ನ ಎಂಟನ್ನೂ ತಾನೇ ಸದ್ದಾಗದಂತೆ ಒತ್ತಿದ್ದಳಂತೆ. ಅರ್ಧ ಗಂಟೆ ಕೂತು ಹೋಗಿ ಎಂದು ಹಲ್ಲಿನ ಡಾಕ್ಟರು ಹೇಳಿದರೂ ಕೂರದೆ ಓಡಿ ಬಂದದ್ದು ಅದಕ್ಕೇ ಅಂತೆ. ನನ್ನ ತಪ್ಪು ಕಂಡ ಮೊದಲ ದಿನವೇ ತಾವು ಊರಿಗೆಲ್ಲ ಕೆಂಪಕ್ಷರದಲ್ಲಿ ಸಾರಿದಿರಿ; ಅವಳು ಮೂರು ದಿನ ಕಂಡೂ ಮಗಳಿಗೂ ಹೇಳಲಿಲ್ಲ. ಆದ್ದರಿಂದ ಲಾಕರ್ ವಿಭಾಗದ ಕೆಲಸಕ್ಕೆ ತಮ್ಮನ್ನು ಶಿಫಾರಸು ಮಾಡಲು ನನ್ನಿಂದಾಗದು, ಕ್ಷಮಿಸಬೇಕು.