ಹಿತ್ತಲಿನ ಕಪ್ಪು ಕುಳಿ

ಭಾನುವಾರ ಬೆಳಿಗ್ಗೆ ಅರುಣಕುಮಾರ್ ಮೇಷ್ಟ್ರು ಬಾಡಿಗೆ ಮನೆಯ ಅಂಗಳದಲ್ಲಿ ನಿಂತು ಫೋನಿನಲ್ಲಿ ಮಾತಾಡಿದ್ದೇ ತಪ್ಪಾಯಿತು. ಒಳಗೆ ಸಿಗ್ನಲ್ ಇರಲಿಲ್ಲ.

ಕೊಟ್ಟೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಅವರಿಗೆ ನ್ಯೂಟ್ರಿನೊಗಳ ಹುಚ್ಚು. ಊಟ ಮುಗಿಸಿದ ಮದುವೆಮನೆ ನೆಂಟನ ಹಾಗೆ, ಯಾರಿಗೂ ಸಿಗದೆ ಭೂಮಿಯನ್ನೇ ತೂರಿಕೊಂಡು ಹೋಗಿಬಿಡುವ ಕಣ ಅದು. ದಕ್ಷಿಣ ಧ್ರುವದ ಮಂಜುಗಡ್ಡೆಯಲ್ಲಿ ಹೂತಿಟ್ಟ ಯಂತ್ರಕ್ಕೆ ಆ ವಾರ ಭಾರಿ ಶಕ್ತಿಯದೊಂದು, ಭೂಮಿಯನ್ನು ತೂರಿ ಕೆಳಗಿನಿಂದ ಬಂದದ್ದು, ಸಿಕ್ಕಿತ್ತು. ಅದು ಹೊರಟದ್ದೆಲ್ಲಿಂದ ಎಂದು ತಿಳಿಯಲು, ಬಾಹ್ಯಾಕಾಶದ ದೂರದರ್ಶಕಗಳು ಆ ದಿಕ್ಕಿನಲ್ಲಿ ತೆಗೆದ ಚಿತ್ರಗಳನ್ನು ಎಷ್ಟೋ ಜನ ಜಾಲಾಡುತ್ತಿದ್ದರು. ಅಲ್ಲಿ ನಡುವೆ ಕಪ್ಪು ಕುಳಿಯಿರುವ ಗ್ಯಾಲಕ್ಸಿಯೊಂದು ಇದ್ದಕ್ಕಿದ್ದಂತೆ ಹೆಚ್ಚು ಹೊಳೆದದ್ದು ಮೇಷ್ಟ್ರ ಕಣ್ಣಿಗೆ ಬಿದ್ದಿತ್ತು. ಸಂಜೆಯ ಆನ್‌ಲೈನ್ ಸಭೆಯಲ್ಲಿ ದೊಡ್ಡ ವಿಜ್ಞಾನಿಗಳು ಒಪ್ಪಿದರೆ, ಅವರ ಹೆಸರು ಮೊದಲ ಸಲ ಸಂಶೋಧನಾ ಪ್ರಬಂಧದಲ್ಲಿ ಬರಲಿತ್ತು.

ಪುಣೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಹಳೆಯ ಶಿಷ್ಯೆ ಅಮೃತಾಗೆ ಆ ಚಿತ್ರ ಕಳಿಸಿ ಅವರು ಹೇಳಿದ್ದು ಇಷ್ಟೇ:

“ನೆಲದಾಗಿಂದ ಮ್ಯಾಲ ಬಂದೈತಿ ನೋಡವಾ. ಮೂಲ ಎಲ್ಲೈತಿ ಅಂತ ನನಗ ಗೊತ್ತಾಗೈತಿ. ಸಂಜಿತನಕ ಯಾರ ಮುಂದೂ ಬಾಯಿ ಬಿಡಬ್ಯಾಡ.”

ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದ ಮನೆ ಯಜಮಾನಿ ನಾಗಲಿಂಗಮ್ಮನ ಕೈ ಅಲ್ಲೇ ನಿಂತಿತು. ಓಣಿಯಲ್ಲಿ ಮಿರ್ಚಿ-ಮಂಡಕ್ಕಿ ಮುಗಿಯುವುದರೊಳಗೆ ಮೇಷ್ಟ್ರಿಗೆ ನಿಧಿ ಸಿಕ್ಕ ಸುದ್ದಿ ಮನೆಮನೆಗೂ ಮುಟ್ಟಿತ್ತು.

ಯಜಮಾನರು ಗುರುಸಂಗಪ್ಪ ಬಂದು ಕೂತರು. ಜಾಗ ತಮ್ಮದು, ಏನಿದ್ದರೂ ಮೊದಲು ತಮಗೆ ಹೇಳಬೇಕಿತ್ತು ಎಂದು ನಯವಾಗಿ ಆಕ್ಷೇಪಿಸಿದರು. ತಮ್ಮ ಸಂಶೋಧನೆಯ ಬಗ್ಗೆ ಊರಲ್ಲಿ ಒಬ್ಬರಾದರೂ ಕೇಳಿದರಲ್ಲ ಎಂದು ಮೇಷ್ಟ್ರಿಗೆ ಕಣ್ಣು ತುಂಬಿ ಬಂತು.

“ಮುಚ್ಚಿಡೋದೇನೈತ್ರಿ ಯಜಮಾನ್ರ. ಅಲ್ಲೊಂದು ದೊಡ್ಡ ಕಪ್ಪು ಕುಳಿ ಐತಿ. ಅದರ ಸುತ್ತಮುತ್ತಲಿಂದನ ಬಂದಿರಬೇಕು.”

“ಕುಳಿ ಆಗಲೇ ತೋಡೀರೇನು?”

“ನಾವು ತೋಡೋದಲ್ರಿ, ತಾನ ಆಗೈತಿ. ಒಳಗ ಹೋದದ್ದು ಮತ್ತ ಹೊರಗ ಬರಾಂಗಿಲ್ಲ.”

ನಿಧಿಗೆ ಕಾವಲಿದೆ ಎಂದು ಗುರುಸಂಗಪ್ಪನವರಿಗೆ ಖಾತ್ರಿಯಾಯಿತು. ನೇರ ಬಜಾರಿಗೆ ಹೋಗಿ ನಿಂಬೆಹಣ್ಣು ತಂದರು.

ಮಧ್ಯಾಹ್ನ ಹಿತ್ತಲಿನಲ್ಲಿ ಗುದ್ದಲಿ ಸದ್ದು. ಮೇಷ್ಟ್ರು ಕಿಟಕಿಯಿಂದ ಕೇಳಿದರೆ, ಕರಿಬೇವಿನ ಸಸಿ ನೆಡುತ್ತಿದ್ದೇವೆ ಎಂದರು ಗುರುಸಂಗಪ್ಪ. ಕೂಲಿಯ ಜೋಗಪ್ಪ ಸೊಂಟದವರೆಗೂ ಕುಳಿಯಲ್ಲಿದ್ದ. ಭಾರಿ ತಳಿಯ ಕರಿಬೇವಿರಬೇಕು ಎಂದುಕೊಂಡು ಮೇಷ್ಟ್ರು ಕಂಪ್ಯೂಟರಿನ ಮುಂದೆ ಕೂತರು.

ಸಭೆ ಶುರುವಾಗಿ, ಅವರ ಹೆಸರು ಕರೆದು, ಅವರು ಗಂಟಲು ಸರಿಮಾಡಿಕೊಂಡರೋ ಇಲ್ಲವೋ, ಪರದೆಯ ಮೇಲಿದ್ದ ಮುಖಗಳೆಲ್ಲ ಹಾಗೇ ನಿಂತುಬಿಟ್ಟವು. ಹಿತ್ತಲಿಗೆ ಓಡಿದರು. ಅರಿಶಿನ ಕುಂಕುಮದ ನಡುವೆ ನಿಂಬೆಹಣ್ಣುಗಳು, ಸುತ್ತ ಓಣಿಯ ಮಂದಿ. ಕುಳಿಯೊಳಗಿನ ಜೋಗಪ್ಪ ತುಂಡಾದ ಇಂಟರ್ನೆಟ್ ವೈರಿನ ಎರಡೂ ತುದಿ ಹಿಡಿದು, “ಇದು ನಿಮ್ದೇನ್ರಿ ಮೇಷ್ಟ್ರ?” ಎಂದ.

ಮೇಷ್ಟ್ರು ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು. ತಾವು ಹುಡುಕುತ್ತಿರುವುದು ನಕ್ಷತ್ರಗಳಿಗಿಂತ ಆಚೆ ಇದೆ, ಗುದ್ದಲಿಗೆ ಎಟುಕುವಂಥದ್ದಲ್ಲ ಎಂದರು. ಮಂದಿ ಒಬ್ಬೊಬ್ಬರಾಗಿ ಜಾರಿಕೊಂಡರು. ಗುರುಸಂಗಪ್ಪನವರಿಗೆ ನಿಜಕ್ಕೂ ನಾಚಿಕೆಯಾಯಿತು. ತಪ್ಪಾಯಿತೆಂದು, ಇಂಟರ್ನೆಟ್ ಇದ್ದ ತಮ್ಮ ಮೊಬೈಲನ್ನೇ ಕೊಟ್ಟು ಮೇಷ್ಟ್ರನ್ನು ಮಾಳಿಗೆ ಹತ್ತಿಸಿದರು.

ಮೆಣಸಿನಕಾಯಿಯ ಘಾಟಿನಲ್ಲಿ ಸೀನುತ್ತ ಮೇಷ್ಟ್ರು ಮತ್ತೆ ಸಭೆ ಸೇರಿದರು. ಅಷ್ಟರಲ್ಲಿ ಅಮೃತಾಳೇ ಗುರುಗಳ ಪರವಾಗಿ ಗ್ಯಾಲಕ್ಸಿಯ ವಿಷಯ ಹೇಳಿ ಎಲ್ಲರನ್ನೂ ಒಪ್ಪಿಸಿದ್ದಳು. ಆ ಸಂತೋಷ ಎದೆಗಿಳಿಯುವ ಮೊದಲೇ ಮಂಜುಗಡ್ಡೆಯ ಯಂತ್ರದವರಿಂದ ತಿದ್ದುಪಡಿ ಬಂತು: ಲೆಕ್ಕ ಮತ್ತೆ ನೋಡಲಾಗಿ, ಆ ಕಣ ದೂರದ್ದಲ್ಲ, ನಮ್ಮದೇ ವಾತಾವರಣದಲ್ಲಿ ಹುಟ್ಟಿದ್ದು. ಸಭೆ ಅಲ್ಲಿಗೇ ಮುಗಿಯಿತು.

ಮೇಷ್ಟ್ರು ಕೆಳಗಿಳಿದಾಗ ಗುರುಸಂಗಪ್ಪ ತಾವೇ ಸಲಿಕೆ ಹಿಡಿದು ಕುಳಿ ಮುಚ್ಚುತ್ತಿದ್ದರು. ಹೋದ ಕೆಲಸ ಆಯಿತೇ ಎಂದು ಕಾಳಜಿಯಿಂದ ಕೇಳಿದರು.

“ಇಲ್ರಿ,” ಎಂದರು ಮೇಷ್ಟ್ರು, ಸೋತ ದನಿಯಲ್ಲಿ. “ಅಷ್ಟು ದೂರದಿಂದ ಬಂದದ್ದಲ್ಲಂತ. ಇಲ್ಲೇದಂತ.”

ಗುರುಸಂಗಪ್ಪ ಸಲಿಕೆ ನಿಲ್ಲಿಸಿ ಅವರ ಮುಖವನ್ನೇ ನೋಡಿದರು. ಆಮೇಲೆ ಓಣಿಯ ಕಡೆ ತಿರುಗಿ, ದನಿ ತಗ್ಗಿಸಿ ಕರೆದರು:

“ಜೋಗಪ್ಪಾ, ಗುದ್ದಲಿ ತಗೊಂಡು ಬಾರಪ್ಪ.”