ಅಪ್ಪನ ಪಿಸ್ತೂಲಿಗೆ ಅಮ್ಮನ ಬೊಟ್ಟು

ಸಮಸ್ಯೆ ಕೇವಲ ನಾಲ್ಕು ಮಿಲಿಮೀಟರಿನದು. ಒಂದು ಶನಿವಾರ ಧಾರಾಳ ಸಾಕು ಎಂದು ನಾನು ಘೋಷಿಸಿದೆ. ಐರೋಲಿಯ ಕಂಪನಿಯೊಂದರಲ್ಲಿ ಗುಣಮಟ್ಟ ಪರೀಕ್ಷೆ ಮಾಡುವವಳು ನಾನು. ಅಳೆಯುವುದು ನನ್ನ ಕೆಲಸ. ಅಳೆದದ್ದನ್ನೆಲ್ಲ ದಿನಾಂಕ ಹಾಕಿ ಬರೆದಿಡುವುದು ನನ್ನ ಕಾಯಿಲೆ.

ಠಾಣೆ ನಗರದ ಮಾಜಿವಾಡಾದಲ್ಲಿದ್ದ ನಮ್ಮ ಹೋಟೆಲನ್ನು ಚಿಕ್ಕಪ್ಪನಿಗೆ ಒಪ್ಪಿಸಿದ ಮೇಲೆ ಅಪ್ಪನಿಗೆ ಉಳಿದ ಸುಖ ಒಂದೇ. ಪ್ರತಿ ಭಾನುವಾರ ಕಳವಾ ಎಂಬ ಪಕ್ಕದ ಊರಿನ ಶೂಟಿಂಗ್ ಕ್ಲಬ್ಬಿಗೆ ಹೋಗಿ, ಹತ್ತು ಮೀಟರ್ ದೂರದ ಕಾಗದಕ್ಕೆ ಏರ್ ಪಿಸ್ತೂಲಿನಿಂದ ಗುಂಡು ಹೊಡೆಯುವುದು. ನಳಿಗೆಯ ತುದಿಯಲ್ಲಿ ನಾಲ್ಕು ಮಿಲಿಮೀಟರ್ ಅಗಲದ ಕಪ್ಪು ಕಂಬವೊಂದಿದೆ. ಪಿಸ್ತೂಲಿನ ಹಿಂತುದಿಯಲ್ಲಿರುವ ಕಚ್ಚಿನ ನಡುವೆ ಅದನ್ನು ಕೂರಿಸಿ ಗುರಿ ಹಿಡಿಯಬೇಕು.

"ಕಂಬ ಈಗ ಹಲ್ಲುಜ್ಜುವ ಬ್ರಶ್ಶಿನ ಹಾಗೆ ಕಾಣ್ತದೆ ಮಾರಾಯ್ತಿ" ಎಂದರು ಅಪ್ಪ. ಓದುವ ಕನ್ನಡಕ ಹಾಕಿದರೆ ಗುರಿ ಮಾಯ. ದೂರದ್ದು ಹಾಕಿದರೆ ಕಂಬ ಮಂಜು. "ಈ ಸಲದ ಮ್ಯಾಚಲ್ಲಿ ಇಪ್ಪತ್ತು ಗುಂಡಿಗೆ ಇನ್ನೂರರಲ್ಲಿ ನೂರೈವತ್ತು ಅಂಕ ಬರದಿದ್ರೆ ಪಿಸ್ತೂಲು ಕ್ಲಬ್ಬಿನ ಮಕ್ಕಳಿಗೆ ಕೊಟ್ಟುಬಿಡ್ತೇನೆ."

ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದರು. "ಎಂತದಾದ್ರೂ ಮಾಡು. ಕೊಟ್ರೆ ಭಾನುವಾರ ಇಡೀ ಇಲ್ಲೇ ನಿಂತು ಸಾಂಬಾರಿನ ರುಚಿ ನೋಡ್ತಾರೆ."

ಆದರೆ ಆ ಸಂಜೆ ಅಪ್ಪ ಪಿಸ್ತೂಲನ್ನು ಸುಮ್ಮನೆ ಎರಡು ಸಲ ಒರೆಸಿ ಪೆಟ್ಟಿಗೆಯಲ್ಲಿಟ್ಟದ್ದನ್ನು ನಾವಿಬ್ಬರೂ ನೋಡಿದ್ದೆವು.

ಮೊದಲ ಶನಿವಾರ. ಕಂಬ ತೆಳುವಾದರೆ ಅಕ್ಕಪಕ್ಕ ಬೆಳಕು ಹೆಚ್ಚುತ್ತದೆ ಎಂಬ ಸಿದ್ಧಾಂತದ ಮೇರೆಗೆ ನೌಪಾಡಾದ ಅಂಗಡಿಯಿಂದ ಅರದ ಸೆಟ್ಟು ತಂದು ಎರಡೂ ಬದಿ ಉಜ್ಜಿದೆ. ಕೈ ಜಾರಿತು. ಕಂಬದ ತಲೆಯೂ ಹೋಯಿತು. ಕಂಬ ಗಿಡ್ಡವಾದರೆ ಗುಂಡು ಮೇಲಕ್ಕೆ ಹೋಗುತ್ತದೆ ಎಂಬ ಜ್ಞಾನ ನನಗೆ ಭಾನುವಾರ ಲಭಿಸಿತು. ಹತ್ತರಲ್ಲಿ ಏಳು ಗುಂಡು ಕಾಗದದ ನಡುವಿನ ಕಪ್ಪು ವೃತ್ತದಿಂದ ಮೇಲೆ. ಮೂರು ಕಾಗದಕ್ಕೇ ತಾಗಲಿಲ್ಲ.

"ಬೆಳಕು ಬಂತು" ಎಂದರು ಅಪ್ಪ. "ಗುಂಡು ಎಲ್ಲಿ ಹೋಯ್ತು?"

ಹೊಸ ಕಂಬ ಬಂತು. ಎರಡನೆಯ ಶನಿವಾರ ಅದಕ್ಕೆ ಬಿಳಿ ನೇಲ್ ಪಾಲಿಶ್ ಬಳಿದೆ. ನಮ್ಮ ಕಪ್ಪು ಫ್ರಿಜ್ಜಿನ ಎದುರು ಹಿಡಿದು ನೋಡಿದರೆ ದೀಪದಂತೆ ಹೊಳೆಯುತ್ತಿತ್ತು. ಆದರೆ ಕ್ಲಬ್ಬಿನಲ್ಲಿ ಯಾರೂ ಫ್ರಿಜ್ಜಿಗೆ ಗುಂಡು ಹೊಡೆಯುವುದಿಲ್ಲ. ಅಲ್ಲಿ ಕಾಗದ ಬಿಳಿ. ಕಂಬವನ್ನು ಹಿಡಿಯಬೇಕಾದದ್ದು ಕಪ್ಪು ವೃತ್ತದ ಕೆಳಗಿನ ಬಿಳಿಯಲ್ಲಿ. ಅನ್ನಕ್ಕೆ ಮೊಸರು ಸುರಿದ ಹಾಗಾಯಿತು. ಅಪ್ಪ ಪಿಸ್ತೂಲು ಇಳಿಸಿ ನಳಿಗೆಯನ್ನು ಬೆರಳಿನಿಂದ ತಡವಿ ನೋಡಿದರು.

"ಕಂಬ ಮನೆಯಲ್ಲೇ ಬಿಟ್ಟು ಬಂದ್ಯಾ?"

ಆ ವಾರ ಅಪ್ಪ ಮಾತ್ರೆಯ ಹಾಳೆಯ ಮೇಲಿನ ಸಣ್ಣ ಅಕ್ಷರವನ್ನು ಮುಷ್ಟಿಯ ಸಂದಿಯಿಂದ ಇಣುಕಿ ಓದುವುದನ್ನು ಕಂಡೆ. ನಾನೂ ಕಾಗದಕ್ಕೆ ತೂತು ಮಾಡಿ ಇಣುಕಿದೆ. ಸಣ್ಣ ತೂತಿನಲ್ಲಿ ಹತ್ತಿರದ್ದು, ದೂರದ್ದು ಎರಡೂ ಚೂಪಾದವು. ಹಾಗಾದರೆ ಕಂಬದ ತಪ್ಪೇ ಇರಲಿಲ್ಲ. ಸುಮ್ಮನೆ ಉಜ್ಜಿಸಿಕೊಂಡಿತು, ಪಾಪ.

ಅಮ್ಮನ ಕಪ್ಪು ಸ್ಟಿಕ್ಕರ್ ಬೊಟ್ಟಿಗೆ ಸೂಜಿಯಿಂದ ತೂತು ಮಾಡಿದೆ. ಅಪ್ಪನನ್ನು ಊಟದ ಮೇಜಿನ ಮುಂದೆ ನೆಟ್ಟಗೆ ಕೂರಿಸಿ, ದೂರದ ಕನ್ನಡಕದ ಬಲ ಗಾಜಿನ ನಟ್ಟನಡುವೆ, ಸ್ಕೇಲಿನಿಂದ ಅಳೆದು ಅಂಟಿಸಿದೆ.

"ಕಂಬವೂ ಉಂಟು, ಗುರಿಯೂ ಉಂಟು" ಎಂದರು ಅಪ್ಪ, ಮಗುವಿನಂತೆ.

ಮ್ಯಾಚಿನ ದಿನ ನಾನೂ ಅಮ್ಮನೂ ಹಿಂದಿನ ಬೆಂಚಿನಲ್ಲಿ ಕೂತೆವು. ಮೊದಲ ಗುಂಡಿಗೆ ಐದು ಅಂಕ. ಎರಡನೆಯದಕ್ಕೆ ನಾಲ್ಕು. ಅಪ್ಪ ತಿರುಗಿದರು. "ನಿನ್ನ ಬೊಟ್ಟು ಮಾತ್ರ ಕಾಣ್ತದೆ. ಬೇರೆ ಎಂತದೂ ಇಲ್ಲ."

ಆಗ ಹೊಳೆಯಿತು. ಪಿಸ್ತೂಲು ಹೊಡೆಯುವಾಗ ಅಪ್ಪ ಊಟಕ್ಕೆ ಕೂತ ಹಾಗೆ ಕೂರುವುದಿಲ್ಲ! ಪಕ್ಕಕ್ಕೆ ತಿರುಗಿ ನಿಂತು, ಭುಜದ ಮೇಲಿಂದ ನೋಡುತ್ತಾರೆ. ಕಣ್ಣು ಗಾಜಿನ ನಡುವಿನಿಂದಲ್ಲ, ಕಿವಿಯ ಬದಿಯಿಂದ ಇಣುಕುತ್ತದೆ. ಓಡಿಹೋಗಿ ಬೊಟ್ಟು ಕಿತ್ತೆ. ಗೋಂದು ಸತ್ತಿತ್ತು. ಬೊಟ್ಟು ಕೆಳಗೆ ಬಿದ್ದು, ಯಾರದೋ ಬೂಟಿಗೆ ಅಂಟಿಕೊಂಡು ಹೊರಟೇಹೋಯಿತು.

"ಕಾಕಾ, ಕಾಯ್ ಝಾಲಂ?" ಏನಾಯ್ತೆಂದು ಮರಾಠಿಯಲ್ಲಿ ಕೇಳುತ್ತ ಮ್ಯಾಚ್ ನಡೆಸುತ್ತಿದ್ದವರು ಬಂದರು.

"ಟಿಕಲೀ ಪಡಲೀ" ಎಂದರು ಅಪ್ಪ ಗಂಭೀರವಾಗಿ. ಬೊಟ್ಟು ಬಿತ್ತಂತೆ. ಅವರು ಅಪ್ಪನ ಹಣೆಯನ್ನೇ ನೋಡುತ್ತ ನಿಂತರು.

ಅಷ್ಟರಲ್ಲಿ ಅಮ್ಮ ಎದ್ದು ಬಂದಿದ್ದರು. ತಮ್ಮ ಹಣೆಯ ಬೊಟ್ಟು ಕಿತ್ತು, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನಿನಿಂದ ಚುಚ್ಚಿದರು. "ಹೊಡೆಯುವಾಗ ಹೇಗೆ ನಿಲ್ತೀರೋ ಹಾಗೆ ನಿಲ್ಲಿ. ಪಿಸ್ತೂಲು ಬೇಡ, ಬರೀ ಕೈ ಎತ್ತಿ. ಈಗ ಕಾಣ್ತದಾ?"

"ಇನ್ನೂ ಸ್ವಲ್ಪ ಕಿವಿಯ ಕಡೆ."

"ಈಗ?"

"ಹಾಂ. ಬಿಡು."

ನೂರೈವತ್ತೆರಡು ಬಂತು. ಕಳವಾದಿಂದ ಠಾಣೆಯ ಮನೆಗೆ ಲೋಕಲ್‌ನಲ್ಲಿ ಬರುವಾಗ ಅಮ್ಮನ ಹಣೆ ಖಾಲಿ; ಅಪ್ಪನ ಕನ್ನಡಕದಲ್ಲಿ ಬೊಟ್ಟು ಹಾಗೇ ಇತ್ತು. ಎದುರು ಕೂತವರು ಕಿಟಕಿಯ ಕಡೆ ತಿರುಗಿ ನಗುತ್ತಿದ್ದರು. ಅಪ್ಪ ತೆಗೆಯಲಿಲ್ಲ.

ಮನೆಗೆ ಬಂದು ನನ್ನ ಬ್ಯಾಗು ತೆರೆದೆ. ತುರ್ತಿಗೆಂದು ಒಯ್ದಿದ್ದ ಅರದ ಸೆಟ್ಟು ಇರಲಿಲ್ಲ.

"ಕ್ಲಬ್ಬಿಗೆ ಒಂದು ವಸ್ತು ಕೊಡ್ತೇನೆ ಅಂದಿದ್ದೆನಲ್ಲ, ಕೊಟ್ಟೆ" ಎಂದರು ಅಪ್ಪ. "ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಅಂತಲೂ ಹೇಳಿದ್ದೇನೆ."

ನನ್ನನ್ನೇ ನೋಡುತ್ತಿದ್ದರು.